140 ಜನಕ್ಕೆ ಕೋಳಿ ಸುಡಬೇಕು, ಒಬ್ಬರು 50 ಕೆಜಿ ಅಂತಾರೆ, ಇನ್ನೊಬ್ಬರು 32 ಅಂತಾರೆ. ಯಾರ ಮಾತು ಕೇಳಲಿ?

ಕಾರಟಗಿ_ಕಾಲುವೆ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ಭಾನುವಾರ ಸಂಜೆ ನಮ್ಮ ಹತ್ತನೇ ಕ್ಲಾಸಿನ ಗೆಳೆಯರೆಲ್ಲ ಮನೆಮಂದಿ ಸಮೇತ ನಮ್ಮ ಹೊಲದಲ್ಲಿ ಸೇರುತ್ತಿದ್ದೇವೆ. ಹೊಲ ಗಂಗಾವತಿ ಕಾರಟಗಿ ನಡುವೆ, ಎಡದಂಡೆ ಕಾಲುವೆ ಕಡೆ. ಒಟ್ಟು 140 ಜನ. ಅದರಲ್ಲಿ 35 ಜನ ಮಾಂಸ ಮುಟ್ಟುವುದಿಲ್ಲ, ಸಣ್ಣ ಮಕ್ಕಳು 20, ಉಳಿದ 85 ಜನ ತಿನ್ನುವವರು.

ಪ್ರತಿ ಸಲ ಬಿರಿಯಾನಿ ಮಾಡಿಸಿ ಸಾಕಾಗಿದೆ. ಈ ಸಲ ಕೆಂಡದ ಮೇಲೆ ಕೋಳಿ ಸುಡೋಣ ಅಂತ ನಾನೇ ಬಾಯಿ ಬಿಟ್ಟೆ, ಈಗ ಎಲ್ಲ ನನ್ನ ತಲೆ ಮೇಲೆ ಬಂದಿದೆ. ಜೊತೆಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅನ್ನ ಸಾರು ಇರುತ್ತದೆ. ಕೋಳಿ ಅಂಗಡಿಯವರು 50 ಕೆಜಿ ಬೇಕು ಅನ್ನುತ್ತಾರೆ. ಹೋಟೆಲ್‌ನಲ್ಲಿ ಕೆಲಸ ಮಾಡಿದ ಗೆಳೆಯ 32 ಸಾಕು, ಅಂಗಡಿಯವರು ನಿನಗೆ ಟೋಪಿ ಹಾಕುತ್ತಿದ್ದಾರೆ ಅನ್ನುತ್ತಾನೆ. 18 ಕೆಜಿ ವ್ಯತ್ಯಾಸ ಸಣ್ಣದಲ್ಲ ಅಲ್ವಾ? ಹೊಲದಲ್ಲಿ ಒಂದು ಹಳೇ 200 ಲೀಟರ್ ಡ್ರಮ್ ಇದೆ, ಅದನ್ನು ಉದ್ದಕ್ಕೆ ಸೀಳಿಸಿ ಎರಡು ಒಲೆ ಮಾಡಿಸುವ ಯೋಚನೆ ಇದೆ.

ಸಿರುಗುಪ್ಪದ_ಅಕ್ಕ:
ತಮ್ಮಾ, ಇಬ್ಬರೂ ಸರಿಯಾಗೇ ಹೇಳಿದ್ದಾರೆ. ಅಂಗಡಿಯವರು ಹೇಳಿದ್ದು ಜೀವಂತ ಕೋಳಿಯ ತೂಕ, ನಿನ್ನ ಗೆಳೆಯ ಹೇಳಿದ್ದು ಕ್ಲೀನ್ ಮಾಡಿದ ಮಾಂಸದ ತೂಕ. 2 ಕೆಜಿ ಕೋಳಿಯನ್ನು ಚರ್ಮ ತೆಗೆದು, ತಲೆ ಕಾಲು ಹೊಟ್ಟೆ ಎಲ್ಲ ತೆಗೆದರೆ ಕೈಗೆ ಬರುವುದು 1.3 ಕೆಜಿ ಹತ್ತಿರ. 50 ಕೆಜಿ ಅಂದರೆ ಅಂಥ 25 ಕೋಳಿ, ಮಾಂಸ 32 ಕೆಜಿ ಚಿಲ್ಲರೆ. ಸುಮ್ನೆ ಅಂಗಡಿಯವರ ಮೇಲೆ ಅನುಮಾನ ಪಡಬೇಡ. ಆದರೆ ದುಡ್ಡು ಕೊಡುವ ಮುಂಚೆ ರೇಟು ಯಾವ ತೂಕಕ್ಕೆ ಅಂತ ಬಾಯಿಬಿಟ್ಟು ಕೇಳು, ಜಗಳ ಆಗುವುದೆಲ್ಲ ಅಲ್ಲೇ.

ನಾನು ಸಣ್ಣದಾಗಿ ಅಡುಗೆ ಆರ್ಡರ್ ತಗೊಳ್ಳುತ್ತೇನೆ. ರೊಟ್ಟಿ ಅನ್ನ ಎಲ್ಲ ಇರುವಾಗ ದೊಡ್ಡವರಿಗೆ ತಲಾ 300 ಗ್ರಾಂ, ಎಲುಬು ಸಮೇತ ಹಸಿ ತೂಕ. ಮಕ್ಕಳಿಗೆ 150. ನಿನ್ನ ಲೆಕ್ಕಕ್ಕೆ ಇಪ್ಪತ್ತೆಂಟೂವರೆ ಕೆಜಿ ಆಯಿತು, ಮೇಲೆ ಹತ್ತರಲ್ಲಿ ಒಂದು ಪಾಲು ಸೇರಿಸಿದರೆ ಹೆಚ್ಚು ಕಡಿಮೆ ನಿನ್ನ ಗೆಳೆಯನ ಲೆಕ್ಕವೇ. 300 ಗ್ರಾಂ ಜಾಸ್ತಿ ಅನಿಸಬಹುದು. ಕೆಂಡದ ಮೇಲೆ ಕಾಲು ಭಾಗ ತೂಕ ನೀರಾಗಿ ಹೋಗುತ್ತದೆ, ಆಮೇಲೆ ಎಲುಬು ತೆಗೆದರೆ ತಿನ್ನಲು ಉಳಿಯುವುದು ಅರ್ಧ ಅಂದುಕೋ. ಕೋಳಿ ಒಂದೇ ಊಟ ಆಗಿದ್ದರೆ 450 ಗ್ರಾಂ ಹಿಡಿಯಬೇಕಿತ್ತು.

ಬಡಿಸುವಾಗ ಯಾರೂ ಕೆಜಿ ನೋಡುವುದಿಲ್ಲ, ಪೀಸ್ ಎಣಿಸುತ್ತಾರೆ. ಒಂದು ಕೋಳಿಗೆ 8 ಪೀಸ್ ಹೊಡೆಸಿದರೆ 200 ಪೀಸ್. ದೊಡ್ಡವರಿಗೆ ಎರಡು, ಮಕ್ಕಳಿಗೆ ಒಂದು ಅಂದರೆ 190. ಸರಿಹೋಯಿತಲ್ಲ. ಕರಿಗೆ ಹೊಡೆದಂತೆ ಚಿಕ್ಕ ಚಿಕ್ಕದಾಗಿ ಹೊಡೆಸಿದೆಯೋ, ಜಾಲರಿ ಸಂದಿನಲ್ಲಿ ಕೆಂಡಕ್ಕೆ ಬೀಳುತ್ತವೆ.

ಮಸಾಲೆಗೆ ಕೆಜಿಗೆ 12 ಗ್ರಾಂ ಉಪ್ಪು, ನೂರು ಗ್ರಾಂ ಗಟ್ಟಿ ಮೊಸರು, 50 ಗ್ರಾಂ ಶುಂಠಿ ಬಳ್ಳೊಳ್ಳಿ ಪೇಸ್ಟ್, ಎರಡು ಚಮಚ ಎಣ್ಣೆ. ಬಣ್ಣಕ್ಕೆ ಬ್ಯಾಡಗಿ ಖಾರದ ಪುಡಿ ಹಾಕು, ಖಾರ ಬೇಕಾದರೆ ಗುಂಟೂರು ಸ್ವಲ್ಪ. ನಿಂಬೆರಸ ಹಿಂದಿನ ರಾತ್ರಿಯೇ ಹಿಂಡಬೇಡ, ಮಾಂಸದ ಮೇಲ್ಪದರ ಹಿಟ್ಟು ಹಿಟ್ಟಾಗುತ್ತದೆ. ಸುಡುವ ಹೊತ್ತಿಗೆ ಹಿಂಡಿದರೆ ಸಾಕು.

ಬಳ್ಳಾರಿ_ವೆಲ್ಡರ್:
ಅಕ್ಕ ಕೆಜಿ ಲೆಕ್ಕ ಸರಿಯಾಗಿ ಹೇಳಿದ್ದಾರೆ. ಆದರೆ ಅಣ್ಣಾ, ನಿಮಗೆ ಕಷ್ಟ ಕೊಡುವುದು ಮಾಂಸ ಅಲ್ಲ, ಒಲೆ. ಡ್ರಮ್ ಸೀಳಿದರೆ ಒಂದೊಂದು ಹೋಳು ಸುಮಾರು 3 ಅಡಿ ಉದ್ದ, 2 ಅಡಿಗೆ ಸ್ವಲ್ಪ ಕಡಿಮೆ ಅಗಲ. ಅದರ ಮೇಲೆ 150 ಗ್ರಾಮಿನ ಪೀಸ್ 30 ಇಡಬಹುದು, ಅದಕ್ಕಿಂತ ಜಾಸ್ತಿ ತುರುಕಿದರೆ ಹೊರಳಿಸಲು ಇಕ್ಕಳಕ್ಕೇ ಜಾಗ ಇರುವುದಿಲ್ಲ. ಎರಡೂ ಸೇರಿ ಒಂದು ಸಲಕ್ಕೆ 60. ಒಂದು ಸುತ್ತಿಗೆ 30ರಿಂದ 40 ನಿಮಿಷ. 200 ಪೀಸಿಗೆ ಮೂರು ಸುತ್ತು ಮುಗಿದು ನಾಲ್ಕನೆಯದು ಹತ್ತಿದಂತೆ, ಎರಡೂವರೆ ತಾಸು ಹಿಡಿಯಿರಿ. ನಮ್ಮ ಅಣ್ಣನ ಮನೆ ಕಾರ್ಯಕ್ರಮದಲ್ಲಿ ನಾವು 70 ಜನಕ್ಕೆ ಒಂದೇ ಒಲೆ ಹಚ್ಚಿದ್ದೆವು. ಜನ ತಟ್ಟೆ ಹಿಡಿದು ನಿಂತಿದ್ದನ್ನು ನೋಡಲಾಗದೆ ಕೆಂಡ ಜೋರು ಮಾಡಿದೆವು, ಮೇಲೆ ಕರಿ, ಒಳಗೆ ಕೆಂಪು, ಅರ್ಧ ವಾಪಸ್ ಒಲೆಗೆ ಬಂತು. ಇನ್ನೊಂದು ಡ್ರಮ್ ಸಿಕ್ಕರೆ ನಾಲ್ಕು ಒಲೆ ಮಾಡಿಸಿ.

ಡ್ರಮ್ಮಿನಲ್ಲಿ ಮೊದಲು ಏನಿತ್ತು? ಗದ್ದೆಗೆ ಹೊಡೆಯುವ ಔಷಧಿ ಇದ್ದರೆ ಆ ಡ್ರಮ್ ಬೇಡವೇ ಬೇಡ, ಎಷ್ಟು ತೊಳೆದರೂ ಬೇಡ. ಡೀಸೆಲ್ ಇದ್ದರೆ ನೀವೇ ಗ್ಯಾಸ್ ಕಟ್ಟರ್ ಹಚ್ಚಲು ಹೋಗಬೇಡಿ. ಖಾಲಿ ಕಾಣುತ್ತದೆ, ಒಳಗೆ ಆವಿ ಇರುತ್ತದೆ, ಸಿಡಿಯುತ್ತದೆ. ಸೀಳಿಸಿದ ಮೇಲೆ ಒಂದು ದಿನ ಕಟ್ಟಿಗೆ ಹಾಕಿ ಜೋರಾಗಿ ಉರಿಸಿ, ಬಣ್ಣ ಎಣ್ಣೆ ಎಲ್ಲ ಸುಟ್ಟು ಹೋಗಲಿ.

ಇನ್ನು ಜಾಲರಿ. ಹೊಳೆಯುವ ಜಿಐ ಜಾಲರಿ ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಅದರ ಮೇಲಿರುವುದು ಸತುವಿನ ಲೇಪ. ಜಿಐ ಪೈಪ್ ವೆಲ್ಡಿಂಗ್ ಮಾಡಿದ ರಾತ್ರಿ ಚಳಿಜ್ವರ ಬರುವುದು ನಮ್ಮ ಕೆಲಸದವರಿಗೆಲ್ಲ ಗೊತ್ತು, ಆ ಹೊಗೆ ಊಟಕ್ಕೆ ಯಾಕೆ? ಕಪ್ಪು ಕಬ್ಬಿಣದ ಸರಳು ಸಾಕು, ಇಲ್ಲ ಸ್ಟೀಲ್.

ಇದ್ದಿಲು 15ರಿಂದ 20 ಕೆಜಿ ಇರಲಿ. ಬಳ್ಳಾರಿ ಜಾಲಿ ಇದ್ದಿಲು ಸಿಕ್ಕರೆ ಅದೇ ತನ್ನಿ, ಕೆಂಡ ಗಟ್ಟಿ, ಬೇಗ ಬೂದಿ ಆಗುವುದಿಲ್ಲ. ಅಮೆರಿಕದವರು ಮೆಸ್ಕೀಟ್ ಅಂತ ದುಡ್ಡು ಕೊಟ್ಟು ತಂದು ಮಾಂಸ ಸುಡುತ್ತಾರಲ್ಲ, ಅದು ಇದರದೇ ಜಾತಿ. ನಮ್ಮಲ್ಲಿ ರಸ್ತೆ ಪಕ್ಕ ಬೆಳೆದು ಟೈರಿಗೆ ಮುಳ್ಳು ಚುಚ್ಚುತ್ತದೆ ಅಷ್ಟೆ. ಹಚ್ಚಿ ಮುಕ್ಕಾಲು ತಾಸು ಬಿಡಿ, ಮೇಲೆ ಬಿಳಿ ಬೂದಿ ಕಟ್ಟಬೇಕು. ಕೆಂಡವನ್ನು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಹರಡಿ. ಜೋರಾದರೆ ಪೀಸ್ ಆ ಕಡೆ ಎಳೆದುಕೊಳ್ಳಬಹುದು.

ರಾಯಚೂರು_ಬಿಸಿಲು:
ಇಷ್ಟೆಲ್ಲ ಯಾಕೆ, ಜವಾರಿ ಕೋಳಿ ತಂದು ಹಿಂದಿನ ರಾತ್ರಿ ಅರ್ಧ ಬೇಯಿಸಿ ಇಟ್ಟುಬಿಡಿ. ಮರುದಿನ ಹತ್ತು ನಿಮಿಷ ಸುಟ್ಟರೆ ಮುಗೀತು.

ಸಿರುಗುಪ್ಪದ_ಅಕ್ಕ:
ಬೇಡಪ್ಪಾ! ಜವಾರಿ ಕೋಳಿ ಸಾರಿಗೆ ರುಚಿ, ಕೆಂಡದ ಮೇಲೆ ಚಪ್ಪಲಿ. ಸುಡಲು ಬಾಯ್ಲರ್ ಕೋಳಿಯೇ ಸರಿ. ಅರ್ಧ ಬೇಯಿಸಿ ಇಡುವುದು ಅದಕ್ಕಿಂತ ಕೆಟ್ಟದ್ದು. ಅರೆಬೆಂದ ಮಾಂಸದಲ್ಲಿ ಕ್ರಿಮಿ ಪೂರ್ತಿ ಸತ್ತಿರುವುದಿಲ್ಲ, ಬೆಚ್ಚಗೆ ಬೇರೆ ಇರುತ್ತದೆ, ರಾತ್ರಿಯೆಲ್ಲ ಬೆಳೆಯುತ್ತವೆ. ಸಮಯ ಉಳಿಸಲೇಬೇಕು ಅಂದರೆ ಕೊನೆಯ ಸುತ್ತಿನ ಪೀಸನ್ನು ಅಲ್ಲೇ ಹೊಲದಲ್ಲಿ ಪಾತ್ರೆಯಲ್ಲಿ ಪೂರ್ತಿ ಬೇಯಿಸಿ, ಇಳಿಸಿದ ತಕ್ಷಣ ಕೆಂಡಕ್ಕೆ ಹಾಕಿ ಬಣ್ಣ ತರಿಸಿ.

ಮಸಾಲೆ ಹಚ್ಚಿದ ಮಾಂಸ ಸ್ಟೀಲ್ ಬಕೆಟ್‌ನಲ್ಲಿ ಮುಚ್ಚಿ, ಸುತ್ತ ಐಸ್ ತುಂಬಿ ಇಡಬೇಕು. ಅಲ್ಯೂಮಿನಿಯಂ ಬೇಡ, ಮೊಸರಿನ ಹುಳಿ ಇದೆ. ಒಂದು ಸುತ್ತಿಗೆ ಬೇಕಾದಷ್ಟೇ ಹೊರಗೆ ತೆಗಿ. ಡಿಸೆಂಬರ್ ಅಂತ ಪರವಾಗಿಲ್ಲ, ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಹಸಿ ಮಾಂಸ ಒಂದು ತಾಸು ಹೊರಗಿದ್ದರೂ ನಾನು ಮುಟ್ಟುವುದಿಲ್ಲ. ಬೆಂದಿದೆಯೋ ಇಲ್ಲವೋ ನೋಡಲು ಅಡುಗೆ ಥರ್ಮಾಮೀಟರ್ ತಗೋ, ತೊಡೆಯ ದಪ್ಪ ಜಾಗಕ್ಕೆ ಎಲುಬು ತಾಗದಂತೆ ಚುಚ್ಚಿದರೆ 74 ಡಿಗ್ರಿ ತೋರಿಸಬೇಕು. ಕತ್ತಲಲ್ಲಿ ಬಣ್ಣ ನೋಡಿ ಹೇಳಲು ಆಗುವುದಿಲ್ಲ.

ಕುಷ್ಟಗಿ_ಕಟ್ಟೆ:
ನಾನು ಆ 35 ಜನರ ಪೈಕಿ ಒಬ್ಬ ಅಂದುಕೊಳ್ಳಿ. ನಮಗೆ ಅಂತ ಬೇರೆ ಒಲೆ, ಬೇರೆ ಇಕ್ಕಳ ಇಡಿ, ಗಾಳಿ ಬರುವ ಕಡೆ ಇಡಿ, ಇಲ್ಲದಿದ್ದರೆ ಹೊಗೆಯೆಲ್ಲ ನಮ್ಮ ಮೇಲೇ. ಮೆಕ್ಕೆಜೋಳದ ತೆನೆ, ಗೆಣಸು, ದಪ್ಪ ಮೆಣಸಿನಕಾಯಿ, ಪನೀರ್ ಸುಟ್ಟರೆ ನಮಗೂ ಹಬ್ಬ. ಒಂದು ಮಾತು, ತೆನೆಯನ್ನು 35 ಜನಕ್ಕೆ ಲೆಕ್ಕ ಹಾಕಬೇಡಿ, 140 ಜನಕ್ಕೆ ಹಾಕಿ. ಕೋಳಿ ತಿನ್ನುವವರೇ ಮೊದಲು ಕೈ ಹಾಕುತ್ತಾರೆ. ಮತ್ತೆ ಆಗ ಭತ್ತ ಕೊಯ್ದ ಹುಲ್ಲು ಎಲ್ಲ ಕಡೆ ಒಣಗಿ ಬಿದ್ದಿರುತ್ತದೆ. ಬಣವೆಯಿಂದ ದೂರ ಒಲೆ ಹಚ್ಚಿ, ಪಕ್ಕದಲ್ಲಿ ನಾಲ್ಕು ಕೊಡ ನೀರು ಇರಲಿ.

ಕಾರಟಗಿ_ಕಾಲುವೆ:
ತಡವಾಗಿ ಬರೆಯುತ್ತಿದ್ದೇನೆ, ಕಾರ್ಯಕ್ರಮ ಮುಗೀತು. ನಮ್ಮ ಡ್ರಮ್ಮಿನಲ್ಲಿ ಇದ್ದದ್ದು ಔಷಧಿಯೇ ಅಂತ ಅಪ್ಪ ಹೇಳಿದರು, ಅದನ್ನು ಬಿಟ್ಟು ಅಡುಗೆ ಎಣ್ಣೆಯ ಎರಡು ಡ್ರಮ್ ಹುಡುಕಿ ನಾಲ್ಕು ಒಲೆ ಮಾಡಿಸಿದೆವು. ಮೂರು ಕೋಳಿಗೆ, ಒಂದು ತಿನ್ನದವರಿಗೆ. ಐದೂವರೆಗೆ ಕೆಂಡ ಹಚ್ಚಿ, ಆರೂ ಕಾಲಿಗೆ ಮೊದಲ ಸುತ್ತು ಹಾಕಿ, ಎಂಟೂವರೆಗೆ ಕೊನೆಯ ಪೀಸ್ ಇಳಿಸಿದೆವು. ಕಾಯುವವರಿಗೆ ಒಗ್ಗರಣೆ ಮಿರ್ಚಿ ಕೊಟ್ಟಿದ್ದು ಒಳ್ಳೆಯದಾಯಿತು, ಆದರೆ ಅದನ್ನೇ ಹೊಟ್ಟೆ ತುಂಬಾ ತಿಂದವರೂ ಇದ್ದರು.

25 ಕೋಳಿ ತಂದೆವು. ಉಳಿದದ್ದು 11 ಪೀಸ್, ಅದರಲ್ಲಿ ಹೆಚ್ಚಿನವು ಎದೆ ಭಾಗದವು. ಕಾಲಿನ ಪೀಸಿಗೆ ಮಾತ್ರ ಕಿತ್ತಾಟ ಆಯಿತು. ಎಂಟು ಗಂಟೆಗೇ ಉಳ್ಳಾಗಡ್ಡಿ, ನಿಂಬೆಹಣ್ಣು ಖಾಲಿ. ಅಂಗಡಿಯವರ ಹತ್ತಿರ ನನ್ನ ಗೆಳೆಯನೇ ಹೋಗಿ ಸಾರಿ ಕೇಳಿ ಬಂದ.

ಕುಷ್ಟಗಿಯವರ ಮಾತನ್ನು ನಾನು ತಮಾಷೆ ಅಂದುಕೊಂಡು 40 ತೆನೆ ಮಾತ್ರ ತಂದಿದ್ದೆ. ತಿನ್ನದವರಿಗೆ ಸಿಕ್ಕಿದ್ದು ಹನ್ನೆರಡು.