ಸಿಜೆ3ಬಿ ಜೀಪ್: ಬಿಸಿಯಾದರೆ ನಿಲ್ಲುತ್ತೆ, ತಣ್ಣಗಾದರೆ ಮತ್ತೆ ಸ್ಟಾರ್ಟ್

ಘಟ್ಟದಜೀಪು:
ಸಕಲೇಶಪುರ ಕಡೆಯ ಎಸ್ಟೇಟಿನಲ್ಲಿದ್ದ ಮಹೀಂದ್ರ ಸಿಜೆ3ಬಿ. ಹರಿಕೇನ್ ಪೆಟ್ರೋಲ್ ಎಂಜಿನ್, ಮೂರು ಗೇರ್, 12 ವೋಲ್ಟ್. ರಿಸ್ಟೋರ್ ಆಗಿಲ್ಲ, ಹಳೇ ಪೇಂಟೇ ಇದೆ. ಬೆಳಿಗ್ಗೆ ಚೋಕ್ ಎಳೆದ ತಕ್ಷಣ ಸ್ಟಾರ್ಟ್ ಆಗುತ್ತೆ. ಇಪ್ಪತ್ತು ನಿಮಿಷ ಏರು ಹತ್ತಿದರೆ ಮಿಸ್ ಹೊಡೆದು ನಿಲ್ಲುತ್ತೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಹೊರಡುತ್ತೆ. ಟೆಂಪರೇಚರ್ ಮುಳ್ಳು ಮಾಮೂಲಿ ಜಾಗದಲ್ಲೇ ಇದೆ. ಗ್ಯಾರೇಜಿನವರು ವೇಪರ್ ಲಾಕ್ (ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಹರಿವು ನಿಲ್ಲುವುದು), ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಹಾಕಿಸಿ ಅಂದರು. ಹಾಗೇ ಬಾಡಿ ಬಿಚ್ಚಿ ಪೇಂಟ್ ಮಾಡಿಸಿ ಅಂತಲೂ ಅಂದರು. ಏನು ಮಾಡಲಿ?

ಎಫ್‌ಹೆಡ್:
ಪಂಪ್ ತರಬೇಡಿ ಸರ್. ಬಿಸಿಗೆ ನಿಂತ ಪ್ರತಿ ಜೀಪಿಗೂ ವೇಪರ್ ಲಾಕ್ ಅನ್ನುವುದು ರೂಢಿ. ಆದರೆ ಬಿಸಿಗೆ ಸೋಲುವುದರಲ್ಲಿ ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಮತ್ತು ಅದರ ಜೊತೆ ಕೆಲಸ ಮಾಡುವ ಕಂಡೆನ್ಸರ್ ಮೊದಲು. ಗಾಡಿ ನಿಂತ ಜಾಗದಲ್ಲೇ, ತಣ್ಣಗಾಗುವ ಮುಂಚೆ ನೋಡಬೇಕು. ಮನೆಗೆ ಬಂದ ಮೇಲೆ ನೋಡಿದರೆ ಎಲ್ಲವೂ ಸರಿಯಾಗಿರುತ್ತೆ.

ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದು, ಆಮೇಲೆ ಎಂಜಿನ್ ಓಡಿದರೆ ಮುಚ್ಚಳದ ತೂತು ಕಟ್ಟಿದೆ, ಅಷ್ಟೇ.

ಇಲ್ಲವಾದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿನ ವೈರ್ ಕಿತ್ತು, ತುದಿಯನ್ನು ಬ್ಲಾಕಿನಿಂದ 6 ಎಂಎಂ ದೂರ ನಿಲ್ಲಿಸಿ. ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿಯಿರಿ, ಹತ್ತಿರ ಪೆಟ್ರೋಲ್ ಹನಿಯೂ ಇರಬಾರದು. ಸೆಲ್ಫ್ ಹೊಡೆಸಿ. ಚಟಚಟ ಅನ್ನುವ ನೀಲಿ ಕಿಡಿ ಬಂದರೆ ಇಗ್ನಿಷನ್ ಸರಿ. ಹಳದಿ ಬಣ್ಣದ ಸೊರಗಿದ ಕಿಡಿ ಬಂದರೆ, ಅಥವಾ ಕಿಡಿಯೇ ಇಲ್ಲದಿದ್ದರೆ ತಪ್ಪು ಅಲ್ಲೇ ಇದೆ.

ಕಿಡಿ ಚೆನ್ನಾಗಿದ್ದರೆ ಮಾತ್ರ ಪೆಟ್ರೋಲ್ ಕಡೆ ಹೋಗಿ. ಎಂಜಿನ್ ಆರಿದ ಮೇಲೆ ಕಾರ್ಬ್ಯುರೇಟರಿನ ಪೈಪ್ ಬಿಚ್ಚಿ ಬಾಟಲಿಯೊಳಗೆ ಇಳಿಸಿ, ಕಿಡಿ ಬಾರದ ಹಾಗೆ ಕಾಯಿಲಿನ ಸಣ್ಣ ಟರ್ಮಿನಲ್ಲಿನ ವೈರ್ ತೆಗೆದಿಟ್ಟು ಸೆಲ್ಫ್ ಹೊಡೆಸಿ. ಬಿಟ್ಟುಬಿಟ್ಟು ರಭಸವಾಗಿ ಚಿಮ್ಮಬೇಕು.

ಥೌಗೇಜ್:
ಮಲ್ಟಿಮೀಟರ್ ಇದ್ದರೆ ಕಾಯಿಲಿನ ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ರೆಸಿಸ್ಟೆನ್ಸ್ ಅಳೆಯಿರಿ, ವೈರ್‌ಗಳನ್ನು ತೆಗೆದು. ಸುಮಾರು 3 ಓಮ್ ಇದ್ದರೆ ನೇರವಾಗಿ 12 ವೋಲ್ಟಿಗೆ ಹಾಕುವ ಕಾಯಿಲ್. 1.5 ಓಮ್ ಬಂದರೆ ಅದು ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಬಳಸಬೇಕಾದ್ದು. ರೆಸಿಸ್ಟರ್ ಇಲ್ಲದೆ ಕೊಟ್ಟರೆ ಎರಡರಷ್ಟು ಕರೆಂಟ್ ಎಳೆದು ಕೈ ಇಡಲಾಗದಷ್ಟು ಸುಡುತ್ತೆ, ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ಕಾಯಿಲಿನ ಕರೆಂಟ್ ಕಡಿದು ಕೊಡುವ ಸ್ವಿಚ್) ಕೂಡ ಬೇಗ ಕರಗುತ್ತೆ. ಯಾವುದೋ ಕಾರಿನ ಕಾಯಿಲ್ ತಂದು ಕೂರಿಸಿದ ಹಳೇ ಜೀಪುಗಳಲ್ಲಿ ಇದು ಬಹಳ.

ಜೊತೆಗೆ ಪಾಯಿಂಟ್ ಗ್ಯಾಪ್ 20 ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ), ಪ್ಲಗ್ 30 ಥೌ ಇದೆಯಾ ನೋಡಿ. ಟ್ಯಾಪೆಟ್ ಗ್ಯಾಪ್ (ವಾಲ್ವ್ ತುದಿಯಲ್ಲಿ ಬಿಡುವ ಸಂದು) ಎಂಜಿನ್ ತಣ್ಣಗಿರುವಾಗ ಇನ್‌ಟೇಕ್ 18, ಎಕ್ಸಾಸ್ಟ್ 16 ಥೌ. ಈ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ಬ್ಲಾಕಿನಲ್ಲಿ. ಹಾಗಾಗಿ ಮೇಲಿನ ಕವರ್ ತೆಗೆದು ಇನ್‌ಟೇಕ್ ಮಾತ್ರ ಸರಿ ಮಾಡಿ, ಪಕ್ಕದ ಕವರ್ ಮುಟ್ಟದೆ ಕಳಿಸುವವರೇ ಜಾಸ್ತಿ. ಎಕ್ಸಾಸ್ಟ್ ಬಿಗಿ ಇದ್ದರೂ ಬಿಸಿಯಾದ ಮೇಲೆ ಕಂಪ್ರೆಷನ್ ಬೀಳುತ್ತೆ.

ಘಟ್ಟದಜೀಪು:
ದಾರಿಯಲ್ಲೇ ನೋಡಿದೆ. ಮುಚ್ಚಳ ಸರಿ ಇದೆ. ಕಿಡಿ ಹಳದಿ. ಕಾಯಿಲ್ 1.6 ಓಮ್, ರೆಸಿಸ್ಟರ್ ಎಲ್ಲೂ ಕಾಣಲಿಲ್ಲ. ಪಂಪಿನ ಗಾಜಿನ ಬಟ್ಟಲಲ್ಲಿ ಕೆಂಪು ಪುಡಿಯೂ ಇದೆ.

ಥೌಗೇಜ್:
ಸಿಕ್ಕಿತಲ್ಲ. 3 ಓಮ್ ಕಾಯಿಲ್, ಹೊಸ ಕಂಡೆನ್ಸರ್, ಪಾಯಿಂಟ್ ಸೆಟ್ ಒಟ್ಟಿಗೇ ಹಾಕಿ, ಆಮೇಲೆ ಕಿಡಿ ಬೀಳುವ ಟೈಮಿಂಗ್ ನೋಡಿ: ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲೆ ಬರುವ ಜಾಗ) 5 ಡಿಗ್ರಿ ಮುಂಚೆ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಬೀಳುವ ಸರದಿ) 1-3-4-2.

ಎಫ್‌ಹೆಡ್:
ಕೆಂಪು ಪುಡಿ ಟ್ಯಾಂಕಿನ ತುಕ್ಕು. ಈಗಿನ ಇ20 (ಶೇಕಡಾ 20 ಎಥನಾಲ್ ಬೆರೆಸಿದ) ಪೆಟ್ರೋಲ್ ಹಳೇ ಕೊಳೆಯನ್ನೆಲ್ಲ ಎಬ್ಬಿಸುತ್ತೆ, ಹಳೇ ರಬ್ಬರನ್ನೂ ಮೆತ್ತಗೆ ಮಾಡುತ್ತೆ. ಪಂಪಿನ ಡಯಾಫ್ರಮ್ ಮತ್ತು ಪೈಪ್‌ಗಳನ್ನು ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಸೀಟಿನ ಕೆಳಗಿನ ಟ್ಯಾಂಕ್ ಇಳಿಸಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ ತೊಳೆದು, ಲೀಟರ್ ನೀರಿಗೆ 60 ಗ್ರಾಂ ಸಿಟ್ರಿಕ್ ಆಸಿಡ್ ಲೆಕ್ಕದಲ್ಲಿ ತುಂಬಿಸಿ. ಟ್ಯಾಂಕ್ ಸುಮಾರು 40 ಲೀಟರಿನದು, ಎರಡೂವರೆ ಕಿಲೋ ಸಾಕು. ಒಂದು ರಾತ್ರಿ ಬಿಟ್ಟು ಚೆಲ್ಲಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ತಕ್ಷಣ ಒಣಗಿಸಿ. ತಡವಾದರೆ ಮತ್ತೆ ತುಕ್ಕು ಕೂರುತ್ತೆ. ತೂತು ಕಂಡರೆ ಅಲ್ಲೇ ವೆಲ್ಡಿಂಗ್ ಹಿಡಿಸಬೇಡಿ. ಒಳಗಿನ ಆವಿ ಸಿಡಿಯುತ್ತೆ.

ಘಟ್ಟದಜೀಪು:
ಕಾಯಿಲ್ ಸೆಟ್ ಹಾಕಿದೆ, ಏರಿನಲ್ಲಿ ಈಗ ನಿಲ್ಲುತ್ತಿಲ್ಲ. ಟ್ಯಾಂಕ್ ಮುಂದಿನ ವಾರ. ಪೇಂಟಿನ ವಿಷಯ?

ಕರಿಪ್ಲೇಟ್:
ಮುಟ್ಟಬೇಡಿ. ಹೊಸ ಪೇಂಟ್ ಯಾವಾಗ ಬೇಕಾದರೂ ಸಿಗುತ್ತೆ, ಹಳೇದು ಕೆರೆದರೆ ಮುಗಿಯಿತು. ಸೋಪು ನೀರಲ್ಲಿ ತೊಳೆದು, ಬಾಯ್ಲ್ಡ್ ಲಿನ್‌ಸೀಡ್ ಎಣ್ಣೆ ತೆಳುವಾಗಿ ಒರೆಸಿ. ಒರೆಸಿದ ಬಟ್ಟೆ ಮುದ್ದೆ ಮಾಡಿಡಬೇಡಿ, ತಾನಾಗೇ ಹೊತ್ತಿಕೊಳ್ಳುತ್ತೆ. ಆದರೆ ಚಾಸಿಯ ಹಿಂದಿನ ಅಡ್ಡಪಟ್ಟಿ, ಸ್ಪ್ರಿಂಗ್ ಹ್ಯಾಂಗರ್ ಸುತ್ತ ಸುತ್ತಿಗೆಯಿಂದ ತಟ್ಟಿ ನೋಡಿ. ಮೊಂಡು ಸದ್ದು ಬಂದಲ್ಲಿ ಒಳಗೆ ತಿಂದಿದೆ, ಅದು ರಿಪೇರಿ ಆಗಲೇಬೇಕು. ಬ್ರೇಕ್ ಹೋಸ್, ವೀಲ್ ಸಿಲಿಂಡರ್ ರಬ್ಬರ್, ವೈರಿಂಗ್, ಟಯರ್ ವಿಷಯದಲ್ಲೂ ಒರಿಜಿನಲ್ ಅನ್ನುವ ಹಟ ಬೇಡ. ಒಂದೇ ಬ್ರೇಕ್ ಲೈನ್ ಇರುವ ಗಾಡಿ; ಒಂದು ಹೋಸ್ ಹೋದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು.

ಆರ್‌ಸಿಯಲ್ಲಿ ಎಂಜಿನ್ ನಂಬರ್, ಇಂಧನ ಎರಡೂ ಹೊಂದುತ್ತವೆಯಾ ನೋಡಿಕೊಳ್ಳಿ. ಡೀಸೆಲ್ ಹಾಕಿ, ಮತ್ತೆ ಪೆಟ್ರೋಲಿಗೆ ತಿರುಗಿಸಿದ ಗಾಡಿಗಳು ಬೇಕಾದಷ್ಟಿವೆ. 2021ರ ವಿಂಟೇಜ್ ನಿಯಮಕ್ಕೆ 50 ವರ್ಷ ದಾಟಿರಬೇಕು, ದೊಡ್ಡ ಬದಲಾವಣೆ ಇರಬಾರದು. ಅದರಲ್ಲಿ ನೋಂದಾಯಿಸಿದರೆ ದಿನಬಳಕೆಗೆ ಓಡಿಸುವ ಹಾಗಿಲ್ಲ, ಯೋಚಿಸಿ ನಿರ್ಧರಿಸಿ.

ಎಫ್‌ಹೆಡ್:
ಟ್ಯಾಂಕ್ ಇಳಿಸುವಾಗ ಜ್ಯಾಕ್ ಹಾಕುವುದಾದರೆ ಒಂದು ಮಾತು. ಇದರ ಹ್ಯಾಂಡ್‌ಬ್ರೇಕ್ ಚಕ್ರಕ್ಕಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಡ್ರಮ್ಮಿಗೆ. ಹಿಂದಿನ ಒಂದು ಚಕ್ರ ಎತ್ತಿದರೆ ಡಿಫರೆನ್ಷಿಯಲ್‌ನಿಂದಾಗಿ ಅದು ಹಿಡಿಯುವುದಿಲ್ಲ, ಗಾಡಿ ಉರುಳುತ್ತೆ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಮರದ ತುಂಡು ಅಡ್ಡ ಕೊಡಿ.