ಪದಚರ್ಚೆ: ‘ಫುತೂಹ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ಕೇಳಿಕೆ:
ಪ್ರವಾದಿ ಮುಹಮ್ಮದರ ನಂತರ ಮುಸ್ಲಿಮರನ್ನು ಆಳಿದ ಮೊದಲ ನಾಲ್ವರು ಖಲೀಫರ ಕಾಲದ (ಕ್ರಿ.ಶ. 632–661) ಚರಿತ್ರೆಯೊಂದನ್ನು ಅನುವಾದಿಸುತ್ತಿದ್ದೇನೆ. ಅದರ ನಕಾಶೆಯ ತಲೆಬರಹವನ್ನು ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕು. ಸಿರಿಯಾ, ಇರಾಕ್, ಈಜಿಪ್ಟ್, ಇರಾನ್‌ಗಳು ಮದೀನದ ಆಳ್ವಿಕೆಗೆ ಸೇರಿದ್ದನ್ನು ಅರಬ್ಬಿ ಚರಿತ್ರೆಕಾರರು ‘ಫುತೂಹ್’ ಎಂದು ಕರೆದಿದ್ದಾರೆ. ‘ಆಕ್ರಮಣ’ ಎಂದರೆ ತೀರ್ಪು ಕೊಟ್ಟಂತಾಗುತ್ತದೆ, ‘ದಿಗ್ವಿಜಯ’ ಎಂದರೆ ಹೊಗಳಿದಂತಾಗುತ್ತದೆ. ‘ಖಲೀಫ’ ಎಂಬುದನ್ನು ‘ಉತ್ತರಾಧಿಕಾರಿ’ ಎಂದು ಬರೆಯಬಹುದೇ ಎಂಬುದನ್ನೂ ತಿಳಿಸಿ.

ಉತ್ತರ 1:
‘ದಿಗ್ವಿಜಯ’ ಸಲ್ಲದು. ದಿಗ್ವಿಜಯಕ್ಕೆ ಹೊರಟ ಅರಸ ಕಪ್ಪ ಪಡೆದು ಮರಳುತ್ತಾನೆ. ಇವರಾದರೋ ಕೂಫಾ, ಬಸ್ರಾ, ಫುಸ್ತಾತ್ ಎಂಬ ದಂಡಿನ ಊರುಗಳನ್ನು ಕಟ್ಟಿ ಅಲ್ಲೇ ನೆಲೆನಿಂತರು. ಅರಬ್ಬಿಯ ‘ಫ-ತ-ಹ’ ಧಾತುವಿಗೆ ತೆರೆಯುವುದು ಎಂದೇ ಮೂಲಾರ್ಥವಾದ್ದರಿಂದ ‘ತೆರವು’ ಎನ್ನಿ. ‘ಖ-ಲ-ಫ’ ಎಂದರೆ ಹಿಂದೆ ಬರುವುದು. ಖಲೀಫನಿಗೆ ‘ಹಿಂಬರಿಗ’ ಸಾಕು. ಅಚ್ಚಗನ್ನಡದಲ್ಲೇ ಪದವಿರುವಾಗ ಎರವಲು ಬೇಡ.

ಉತ್ತರ 2:
‘ತೆರವು’ ಎಂದೊಡನೆ ಇಂದಿನ ಓದುಗನಿಗೆ ಒತ್ತುವರಿ ತೆರವು ನೆನಪಾಗಿ, ಅರ್ಥವೇ ತಲೆಕೆಳಗಾಗುತ್ತದೆ. ಅನುವಾದಿಸಬೇಕಾದದ್ದು ಪದವನ್ನು, ಧಾತುವನ್ನಲ್ಲ. ಸಿರಿಯಾಕ್ಕಾಗಿ ಬೈಜಾಂಟೀನ್ ಸೇನೆಯೊಡನೆ ನಡೆದ 636ರ ಯರ್ಮೂಕ್ ಕದನ ನಿಸ್ಸಂಶಯವಾಗಿ ಗೆಲುವು; ಆದರೆ ಅದಾದ ಒಂದೆರಡು ವರ್ಷಗಳಲ್ಲಿ ಜೆರುಸಲೇಮನ್ನು ಅಲ್ಲಿನ ಕ್ರೈಸ್ತ ಧರ್ಮಾಧ್ಯಕ್ಷ ಸೊಫ್ರೋನಿಯಸ್ ಒಪ್ಪಿಸಿದ್ದು ಕರಾರಿನ ಮೇಲೆ. ಒಂಬತ್ತನೆಯ ಶತಮಾನದ ಚರಿತ್ರೆಕಾರ ಅಲ್-ಬಲಾಝುರಿ ತನ್ನ ‘ಫುತೂಹುಲ್ ಬುಲ್ದಾನ್’ ಗ್ರಂಥದಲ್ಲಿ ಯಾವ ಊರು ಕರಾರಿನಿಂದ (ಸುಲ್ಹ್) ಬಂತು, ಯಾವುದು ಬಲದಿಂದ (ಅನ್ವತನ್) ಬಂತು ಎಂದು ವಿಚಾರಿಸುತ್ತಾ ಹೋಗುವುದು ಸುಮ್ಮನೆ ಅಲ್ಲ: ನೆಲದ ಹಕ್ಕೂ ಕಂದಾಯವೂ ಆ ಭೇದವನ್ನು ಅವಲಂಬಿಸಿದ್ದವು. ಈ ಎರಡೂ ಬಗೆ ಒಂದೇ ಮಾತಿನಲ್ಲಿ ಅಡಗಬೇಕಾದರೆ ‘ವಶ’ ಸರಿ. ‘ಮೊದಲ ಖಲೀಫರ ಕಾಲದಲ್ಲಿ ವಶವಾದ ನಾಡುಗಳು’ ಎಂದು ಬರೆಯಿರಿ.

‘ಖಲೀಫ’ವನ್ನು ಮುಟ್ಟಬೇಡಿ. ಮೊದಲ ಖಲೀಫ ಅಬೂಬಕರ್ ಅವರದು ಪ್ರವಾದಿಯ ನಂತರ ಬಂದವರೆಂಬ ಬಿರುದು. ‘ಉತ್ತರಾಧಿಕಾರಿ’ ಎಂಬುದರಲ್ಲಿ ವಾರಸುದಾರಿಕೆಯ ನೆರಳಿದೆ, ಆದರೆ ನಾಲ್ವರಲ್ಲಿ ಒಬ್ಬರೂ ತಮ್ಮ ಹಿಂದಿನವರ ಮಗನಾಗಿರಲಿಲ್ಲ. ಎರವಲಿಗೆ ಅಂಜುವವರು ‘ದಿವಾನ’ ಪದವನ್ನು ಏನು ಮಾಡುತ್ತಾರೆ? ಪಾರಸಿ ಮೂಲದ ಆ ಪದ ಖಲೀಫ ಉಮರ್ ಅವರ ಆಡಳಿತದಲ್ಲಿ ಸೈನಿಕರ ಸಂಭಾವನೆಯ ದಫ್ತರಕ್ಕೆ ಹೆಸರಾಗಿತ್ತು. ಮೈಸೂರಿನಲ್ಲಿ ಅದು ಮಂತ್ರಿಯ ಪದವಿಯೇ ಆಯಿತು. ‘ಹಿಂಬರಿಗ’ ಯಾರ ಬಾಯಲ್ಲಿದೆ?

ಉತ್ತರ 1, ಮತ್ತೆ:
‘ದಿವಾನ’ ರೂಢಿಯಾಗಿದೆಯೆಂದು ಪ್ರತಿಯೊಂದು ಎರವಲಿಗೂ ಬಾಗಿಲು ತೆರೆಯಬೇಕಾಗಿಲ್ಲ. ‘ಖಲೀಫ’ದ ಮಟ್ಟಿಗೆ ಒಪ್ಪಿದೆ, ‘ಹಿಂಬರಿಗ’ನನ್ನು ಹಿಂದೆಗೆದುಕೊಳ್ಳುತ್ತೇನೆ. ಆದರೆ ‘ವಶ’ವೂ ಸಂಸ್ಕೃತವೇ. ಕತ್ತಿಯಿಂದ ಬಂದದ್ದೂ ಕರಾರಿನಿಂದ ಬಂದದ್ದೂ ಕೈಸೇರಿದ್ದೇ ಅಲ್ಲವೇ?

ಕೇಳಿದವರು:
‘ಮೊದಲ ಖಲೀಫರ ಕಾಲದಲ್ಲಿ ಕೈಸೇರಿದ ನಾಡುಗಳು’ ಎಂದೇ ಅಚ್ಚಿಗೆ ಕೊಡುತ್ತಿದ್ದೇನೆ. ಪಠ್ಯದ ಒಳಗೆ ‘ಫುತೂಹ್’ ಮೊದಲ ಬಾರಿ ಬರುವೆಡೆ ಸುಲ್ಹ್, ಅನ್ವತನ್‌ಗಳ ಭೇದವನ್ನೂ ವಿವರಿಸುತ್ತೇನೆ.