‘ಬಾಕಿ’ ಅನ್ನುವ ಚೀಟಿ ಬಂದಿದೆ, ಅಪ್ಪನ ಲೆಕ್ಕದ ಪುಸ್ತಕ ಕತ್ತರಿಸಲೋ ಬೇಡವೋ?

ಕೊಬ್ಬರಿಪೇಟೆ:

ಎಲ್ಲರಿಗೂ ನಮಸ್ಕಾರ. ಯುಗಾದಿಯಿಂದ ಪುಟ್ಟ ಕೊಲಾಜ್ ಕಾರ್ಡ್ ಮಾಡುತ್ತಿದ್ದೇನೆ. 2.5 ಇಂಚು ಅಗಲ, 3.5 ಇಂಚು ಉದ್ದ, ಇಸ್ಪೀಟ್ ಎಲೆಯಷ್ಟು. ಹಳೆಯ ಲಗ್ನಪತ್ರಿಕೆಯೇ ರಟ್ಟು. ಅದರ ಮೇಲೆ ಊದಿನಕಡ್ಡಿ ಪೊಟ್ಟಣ, ರವಿಕೆ ಬಟ್ಟೆಯ ಚೂರು, ಹಳೆ ಪಂಚಾಂಗದ ಹಾಳೆ, ಸ್ವಲ್ಪ ಬಣ್ಣ, ಎರಡು ಹೊಲಿಗೆ.

ಮೊದಲು ಆನ್‌ಲೈನ್‌ನಲ್ಲಿ ಸಿಗುವ ಪ್ರಾಂಪ್ಟ್ ಪಟ್ಟಿ, ಅಂದರೆ ಏನು ಮಾಡಬೇಕು ಅಂತ ಸುಳಿವು ಕೊಡುವ ಪದಗಳ ಪಟ್ಟಿ, ನೋಡಿ ಮಾಡುತ್ತಿದ್ದೆ. ‘ಮೊದಲ ಹಿಮ’, ‘ಮೇಪಲ್ ಎಲೆ’ ಅಂತೆಲ್ಲ ಇರುತ್ತಿತ್ತು. ನಾನು ಹಿಮ ಮುಟ್ಟಿದವಳೇ ಅಲ್ಲ, ಕೈಗೆ ಏನೂ ತೋಚುತ್ತಿರಲಿಲ್ಲ. ಆಮೇಲೆ ನಾನೇ ಪದಗಳನ್ನು ಚೀಟಿಯಲ್ಲಿ ಬರೆದು ಬಿಸ್ಕತ್ ಡಬ್ಬಿಗೆ ಹಾಕಿದೆ. ಹೊಸ್ತಿಲು, ಚಿಲ್ಲರೆ, ಒಗ್ಗರಣೆ, ಅಟ್ಟ, ಹೀಗೆ. ಭಾನುವಾರ ಬೆಳಿಗ್ಗೆ ಒಂದು ಎತ್ತುತ್ತೇನೆ.

ಈ ವಾರ ಬಂದದ್ದು ‘ಬಾಕಿ’.

ಚೀಟಿ ಬಿಚ್ಚಿದ ಕೂಡಲೇ ಅಪ್ಪನ ಲೆಕ್ಕದ ಪುಸ್ತಕ ನೆನಪಾಯಿತು. ತಿಪಟೂರಿನಲ್ಲಿ ಅವರಿಗೆ ದಿನಸಿ ಅಂಗಡಿ ಇತ್ತು. ಕೊಬ್ಬರಿ ಮಾರಿದ ಮೇಲೆ ಕೊಡುತ್ತೇವೆ ಅಂತ ಸುತ್ತಲ ಹಳ್ಳಿಯವರು ಸಾಲ ಬರೆಸಿ ಸಾಮಾನು ಒಯ್ಯುತ್ತಿದ್ದರು. ತೆಂಗಿನಕಾಯಿ ಅಟ್ಟದ ಮೇಲೆ ಒಣಗಿ ಉಂಡೆ ಕೊಬ್ಬರಿ ಆಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಬಾಕಿಯೂ ಅಷ್ಟು ದಿನ ನಿಲ್ಲುತ್ತಿತ್ತು. ಅಪ್ಪ ನೀಲಿ ಮಸಿಯಲ್ಲಿ ಬರೆಯುತ್ತಿದ್ದರು. ದುಡ್ಡು ಬಂದರೆ ಆ ಲೆಕ್ಕದ ಮೇಲೆ ಓರೆಯಾಗಿ ಒಂದು ಗೀಟು. ಗೀಟು ಬೀಳದೆ ಉಳಿದವೂ ಬೇಕಾದಷ್ಟಿವೆ. ಅಪ್ಪ ಹೋಗಿ 9 ವರ್ಷ ಆಯಿತು.

ಕತ್ತರಿ ಹಿಡಿದು ಕೂತೆ. ಕೈ ಬರಲಿಲ್ಲ. ಕತ್ತರಿಸಿದರೆ ಪುಸ್ತಕ ಹೋಯಿತು. ಕತ್ತರಿಸದಿದ್ದರೆ ಅದು ಬೀರುವಿನಲ್ಲೇ ಇರುತ್ತದೆ, ಯಾರೂ ನೋಡುವುದಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಇನ್ನೆರಡು ತೊಂದರೆ. ಯಾವ ಪದ ಬಂದರೂ ಅದರ ಚಿತ್ರವನ್ನೇ ಹುಡುಕಿಬಿಡುತ್ತೇನೆ. ‘ಹೊಸ್ತಿಲು’ ಬಂದಾಗ ಬಾಗಿಲಿನ ಚಿತ್ರ ಅಂಟಿಸಿ ಮುಗಿಸಿದ್ದೆ. ನೋಡಿದರೆ ಸಪ್ಪೆ. ಮತ್ತೆ, ಕಾರ್ಡುಗಳು ಒಣಗಿದ ಮೇಲೆ ಹಪ್ಪಳದ ಹಾಗೆ ಬಾಗುತ್ತವೆ. ಮಳೆ ಹಿಡಿದ ಮೇಲಂತೂ ಜಾಸ್ತಿ.

ರಟ್ಟುಮೇಷ್ಟ್ರು:

ಅಮ್ಮಾ, ಮೊದಲು ಕತ್ತರಿ ಕೆಳಗಿಡಿ. ನಾನು ಬೈಂಡಿಂಗ್ ಕೆಲಸ ಮಾಡಿದವನು. ಮಸಿಯಲ್ಲಿ ಬರೆದದ್ದಕ್ಕೆ ಫೆವಿಕಾಲ್ ನೀರು ತಾಗಿದರೆ ಅಕ್ಷರ ಹರಡಿಹೋಗುತ್ತದೆ. ಪುಸ್ತಕವೂ ಹೋಗುತ್ತದೆ, ಕಾರ್ಡೂ ಹೋಗುತ್ತದೆ. ಜೆರಾಕ್ಸ್ ಮಾಡಿಸಿ. ಆ ಮೆಷಿನ್ನಿನ ಕಪ್ಪು ಪುಡಿ ಬಿಸಿಗೆ ಕರಗಿ ಕಾಗದಕ್ಕೆ ಕಚ್ಚಿಕೊಂಡಿರುತ್ತದೆ, ನೀರಿಗೆ ಬಿಡುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರ್ ಬೇಡ, ಅದರ ಬಣ್ಣ ಸಾಮಾನ್ಯವಾಗಿ ನೀರಿಗೆ ಬಿಡುತ್ತದೆ. ಹಳೆ ಕಾಗದದ ಬಣ್ಣ ಬೇಕಿದ್ದರೆ ಜೆರಾಕ್ಸ್ ಹಾಳೆಗೆ ತೆಳುವಾದ ಟೀ ಡಿಕಾಕ್ಷನ್ ಸವರಿ ಒಣಗಿಸಿ. ಚೆನ್ನಾಗಿ ಬರುತ್ತದೆ.

ಬಾಗುವುದಕ್ಕೆ ಕಾರಣ ಸುಲಭ. ಮೇಲೆ ಅಂಟಿಸಿದ ಕಾಗದ ನೀರು ಕುಡಿದು ಹಿಗ್ಗುತ್ತದೆ. ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆ ಎಳೆಯುತ್ತದೆ. ಹಿಂಬದಿಗೂ ಅದೇ ಅಂಟಿನಿಂದ ಒಂದು ಕಾಗದ ಹಚ್ಚಿ. ಎರಡೂ ಕಡೆ ಸಮನಾಗಿ ಎಳೆದರೆ ರಟ್ಟು ನೆಟ್ಟಗೆ ನಿಲ್ಲುತ್ತದೆ. ಅಂಟು ತೆಳ್ಳಗಿರಲಿ. ಅರ್ಧ ಆರಿದ ಮೇಲೆ, ತೊಳೆದು ಒರೆಸಿದ ಹಾಲಿನ ಕವರ್‌ಗಳ ನಡುವೆ ಇಟ್ಟು ಮೇಲೆ ಭಾರ ಹೇರಿ. ಆ ಪ್ಲಾಸ್ಟಿಕ್ಕಿಗೆ ಫೆವಿಕಾಲ್ ಹಿಡಿಯುವುದಿಲ್ಲ. ಕೆಲವು ಗಂಟೆ ಬಿಟ್ಟು ಕವರ್ ತೆಗೆದು ಒಣ ಪೇಪರ್ ಇಡಿ, ಇಲ್ಲದಿದ್ದರೆ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ.

ಮೈದಾ ಅಂಟು ಬಳಸುವವರಿಗೆ ಒಂದು ಮಾತು. ಹುಳ ಬಾರದಿರಲಿ ಅಂತ ನಾವು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತೇವೆ. ಅದು ವಿಷ. ಅಡುಗೆ ಪಾತ್ರೆಯಲ್ಲಿ ಕಲಸಬೇಡಿ, ಮಕ್ಕಳಿರುವ ಮನೆಯಲ್ಲಿ ಹಾಕಲೇಬೇಡಿ.

ಸಂಜೆಹೊತ್ತು:

ಪದದ ಚಿತ್ರವನ್ನೇ ಹುಡುಕುವ ತೊಂದರೆ ನನಗೂ ಇತ್ತು. ನನಗೆ ದಾರಿ ಸಿಕ್ಕಿದ್ದು ಅಷ್ಟಾವಧಾನ ನೋಡಲು ಹೋದಾಗ. ಎಂಟು ಜನರ ಸವಾಲುಗಳನ್ನು ಒಬ್ಬ ಅವಧಾನಿ ವೇದಿಕೆಯಲ್ಲೇ ನಿಭಾಯಿಸುವ ಕಾರ್ಯಕ್ರಮ ಅದು. ಅಲ್ಲಿ ದತ್ತಪದಿ ಅಂತ ಒಂದು ಭಾಗ ಇರುತ್ತದೆ ಅಲ್ವಾ? ಪ್ರಶ್ನೆ ಕೇಳುವವರು ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಪದ ಕೊಡುತ್ತಾರೆ, ಜೊತೆಗೆ ಒಂದು ವಿಷಯ. ನಾಲ್ಕೂ ಪದ ಒಳಗೆ ಬರುವಂತೆ ಅವಧಾನಿಗಳು ಪದ್ಯ ಕಟ್ಟಬೇಕು. ಪದಗಳು ದೂರ ದೂರ ಇದ್ದಷ್ಟೂ ಪದ್ಯ ರುಚಿ.

ಮನೆಗೆ ಬಂದು ಅದನ್ನೇ ಮಾಡಿದೆ. ಒಂದು ಚೀಟಿ ಬದಲು ಎರಡು ಎತ್ತಿದೆ. ‘ಕಿಟಕಿ’ ಒಂದೇ ಇದ್ದರೆ ಕಿಟಕಿ ಚಿತ್ರ ಬರುತ್ತದೆ. ‘ಕಿಟಕಿ’ ಜೊತೆ ‘ಉಪ್ಪು’ ಬಂದರೆ ಸುಮ್ನೆ ಚಿತ್ರ ಹುಡುಕಿ ಮುಗಿಸಲು ಆಗುವುದಿಲ್ಲ. ಯೋಚಿಸಲೇಬೇಕು. ನಾನು ಕಿಟಕಿ ಬಿಟ್ಟೇಬಿಟ್ಟೆ. ಬೇಸಿಗೆಯಲ್ಲಿ ಕಿಟಕಿ ಪಕ್ಕ ಕೂತ ಅಂಗಿಯ ಬೆನ್ನಿನ ಮೇಲೆ ಬೆವರು ಒಣಗಿ ಬಿಳಿ ಗೆರೆ ಬರುತ್ತದಲ್ಲ, ಅದನ್ನು ಮಾಡಿದೆ. ಅಂಗಿ ಬಟ್ಟೆಯ ಚೂರು, ಅಂಚಿಗೆ ಬಿಳಿ ಪೇಂಟ್. ಅಷ್ಟೇ. ಈವರೆಗೆ ಮಾಡಿದ್ದರಲ್ಲಿ ನನಗೆ ಜಾಸ್ತಿ ಇಷ್ಟವಾದ ಕಾರ್ಡ್ ಅದು.

ಒಗಟು ಕೂಡ ಒಳ್ಳೆಯ ಪ್ರಾಂಪ್ಟ್. ‘ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ.’ ಮೊಟ್ಟೆ ತೋರಿಸದೆ ಇದನ್ನು ಕಾರ್ಡಿನಲ್ಲಿ ಹೇಳಿ ನೋಡಿ.

ಮುಳ್ಳುಹೊಲಿಗೆ:

ಅಕ್ಕಾ, ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಅಳತೆಯ ಕಾರ್ಡು ಮನೆಯಲ್ಲೇ ಇಟ್ಟುಕೊಳ್ಳಲಿಕ್ಕೆ ಹುಟ್ಟಿದ್ದಲ್ಲ. 1997ರಲ್ಲಿ ಜೂರಿಕ್‌ನಲ್ಲಿ ಸ್ಟಿರ್ನೆಮಾನ್ ಅನ್ನುವ ಕಲಾವಿದ ತಾನು ಮಾಡಿದ 1,200 ಕಾರ್ಡು ಪ್ರದರ್ಶನಕ್ಕಿಟ್ಟು, ನೀವೂ ಮಾಡಿ ತನ್ನಿ, ಬದಲಾಯಿಸಿಕೊಳ್ಳೋಣ ಅಂತ ಜನರನ್ನು ಕರೆದ. ಮಾರುವುದಿಲ್ಲ, ಕೈಯಿಂದ ಕೈಗೆ ಬದಲಾಯಿಸುವುದು. ಹಾಗಾಗಿ ನಿಮ್ಮ ಕಾರ್ಡೂ ಒಂದು ದಿನ ಯಾರದೋ ಕೈ ಸೇರಬಹುದು. ಆ ಪುಸ್ತಕದಲ್ಲಿ ಸಾಲ ಬರೆಸಿದವರ ಹೆಸರಿದೆ ಅಲ್ವಾ? ಅವರ ಮಕ್ಕಳು ಅದೇ ಊರಿನಲ್ಲಿರಬಹುದು. ಹೆಸರು ಬಿಟ್ಟು ಮಾಡಿ.

ಕೊಬ್ಬರಿಪೇಟೆ:

ಮೂವರಿಗೂ ತುಂಬಾ ಥ್ಯಾಂಕ್ಸ್. ಹೆಸರಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಬೇಸರ ಯಾಕೆ, ಒಳ್ಳೆಯದೇ ಹೇಳಿದಿರಿ.

ಜೆರಾಕ್ಸ್ ಮಾಡಿಸಿದೆ. ಹೆಸರು, ಮೊತ್ತ ಎಲ್ಲ ಬಿಟ್ಟು ‘ಬಾಕಿ’ ಅನ್ನುವ ಪದ ಮಾತ್ರ ಕತ್ತರಿಸಿದೆ. 11 ಸಿಕ್ಕವು. ಅಪ್ಪ ‘ಕಿ’ಯ ಗುಡಿಸನ್ನು ಉದ್ದಕ್ಕೆ ಎಳೆಯುತ್ತಿದ್ದರು, ಕತ್ತರಿಸುವಾಗಲೇ ಗಮನಿಸಿದ್ದು. ಎರಡನೇ ಚೀಟಿ ಎತ್ತಿದೆ, ‘ಅಟ್ಟ’ ಬಂತು. ಮೇಲ್ಭಾಗಕ್ಕೆ ಮಸಿ ಕಪ್ಪು ಬಳಿದು, ಕೆಳಗೆ ಹನ್ನೊಂದೂ ‘ಬಾಕಿ’ ಒಂದರ ಕೆಳಗೊಂದು ಅಂಟಿಸಿದೆ. ಗೀಟಿಗೆ ತೆಂಗಿನ ನಾರು ಇಟ್ಟು ಹೊಲಿಯೋಣ ಅಂದುಕೊಂಡೆ.

ಎಷ್ಟಕ್ಕೆ ಗೀಟು ಹಾಕಬೇಕು ಅಂತ ತಿಳಿಯದೆ ಅಮ್ಮನಿಗೆ ಪುಸ್ತಕ ತೋರಿಸಿದೆ. ಗೀಟಿಲ್ಲದ ಒಂದು ಲೆಕ್ಕದ ಮೇಲೆ ಬೆರಳಿಟ್ಟು, ‘ಇವರು ಕೊಟ್ಟರು ಕಣೆ. ನಿಮ್ಮಪ್ಪ ಹೋದ ಮೇಲೆ ಮನೆಗೆ ಬಂದು ನನ್ನ ಕೈಗೇ ಕೊಟ್ಟರು. ಗೀಟು ಹಾಕೋರು ಇರಲಿಲ್ಲ’ ಅಂದರು. ಹಾಗೆ ಇನ್ನೂ ಮೂರು ತೋರಿಸಿದರು.

ಪುಸ್ತಕ ಮುಟ್ಟಲಿಲ್ಲ. ಕಾರ್ಡಿನಲ್ಲಿ ಆ ನಾಲ್ಕಕ್ಕೂ ನಾರಿನ ಗೀಟು ಹಾಕಿದೆ. ಬದಲಾಯಿಸಿಕೊಳ್ಳಲು ಬೇರೆ ಕಾರ್ಡು ಮಾಡುತ್ತೇನೆ, ಇದು ಅಮ್ಮನ ಹತ್ತಿರ ಇರುತ್ತದೆ. ಹಿಂಬದಿಗೆ ಕಾಗದ ಹಚ್ಚಿ, ಹಾಲಿನ ಕವರ್ ನಡುವೆ ಇಟ್ಟು, ಮೇಲೆ ಅಪ್ಪನ ಪುಸ್ತಕವನ್ನೇ ಭಾರಕ್ಕೆ ಹೇರಿದ್ದೆ. ಬೆಳಿಗ್ಗೆ ತೆಗೆದು ನೋಡಿದೆ. ಬಾಗಿಲ್ಲ ಮೇಷ್ಟ್ರೇ.